ಹಳೆಯ ಯೆಜ್ಡಿಯ ಬಣ್ಣ, ತುಕ್ಕು ತೆಗೆಯುವುದು: ಆ್ಯಸಿಡ್, ಕಾಸ್ಟಿಕ್, ಪೇಂಟ್ ರಿಮೂವರ್‌ಗಳ ಜೊತೆ ಕೆಲಸ ಮಾಡುವವರಿಗೆ

ಆ್ಯಸಿಡ್ ಬಣ್ಣ ಕೀಳುವುದಿಲ್ಲ. ಗುಜರಿಯಿಂದಲೋ ಅಜ್ಜನ ಮನೆಯ ಕೊಟ್ಟಿಗೆಯಿಂದಲೋ ಹಳೆಯ ಜಾವಾ, ಯೆಜ್ಡಿ ಬೈಕು ಎಳೆದುತಂದವರಿಗೆ ಮೊದಲು ಸಿಗುವ ಸಲಹೆಯೇ "ಆ್ಯಸಿಡ್‌ಗೆ ಹಾಕಿಬಿಡಿ, ಎಲ್ಲ ಬಿಟ್ಕೊಳ್ಳುತ್ತೆ" ಎನ್ನುವುದು. ಹಾಗೆ ಹಾಕಿದರೆ ಬಣ್ಣ ಇದ್ದಲ್ಲಿ ಬಣ್ಣ ಉಳಿಯುತ್ತದೆ, ಬಣ್ಣ ಹೋದ ಕಡೆಯೆಲ್ಲ ಕಬ್ಬಿಣ ಸವೆಯುತ್ತದೆ. ಆ್ಯಸಿಡ್ ಕರಗಿಸುವುದು ತುಕ್ಕನ್ನು. ಹಳೆಯ ಎನಾಮೆಲ್ ಬಣ್ಣವನ್ನು ಬಿಡಿಸುವುದು ಕಾಸ್ಟಿಕ್ ಸೋಡಾ. ಇವೆರಡಕ್ಕೂ ಬಗ್ಗದ ಪಿಯು (ಪಾಲಿಯುರೆಥೇನ್) ಬಣ್ಣ, ಪೌಡರ್ ಕೋಟಿಂಗ್‌ಗಳನ್ನು ಉಬ್ಬಿಸಿ ಎಬ್ಬಿಸುವುದು ಪೇಂಟ್ ರಿಮೂವರ್. ಯಾವುದಕ್ಕೆ ಯಾವುದು ಎಂದು ತಿಳಿದುಕೊಂಡರೆ ಅರ್ಧ ಅಪಾಯ ಅಲ್ಲಿಗೇ ತಪ್ಪುತ್ತದೆ. ಬೇಡದ ಕಡೆ ಬಲವಾದ ರಾಸಾಯನಿಕ ಸುರಿಯುವುದು, ಕೆಲಸ ಆಗಲಿಲ್ಲವೆಂದು ಇನ್ನಷ್ಟು ಬಲವಾದದ್ದನ್ನು ಸುರಿಯುವುದು, ಅನಾಹುತಗಳೆಲ್ಲ ಶುರುವಾಗುವುದು ಇಲ್ಲಿಂದಲೇ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಬೈಕುಗಳು ತಯಾರಾದವು. ಅಂದರೆ ಕಡೆಯ ಬೈಕಿಗೂ ಈಗ ಕಾಲು ಶತಮಾನ ದಾಟಿದೆ. ಅದರ ಮೇಲಿರುವುದು ಒಂದೇ ಬಣ್ಣವಲ್ಲ. ತಳದಲ್ಲಿ ಕಾರ್ಖಾನೆಯದು, ಅದರ ಮೇಲೆ ಯಾರೋ ಬ್ರಷ್‌ನಲ್ಲಿ ಬಳಿದ ಎನಾಮೆಲ್, ನಡುವೆ ತಗ್ಗು ತುಂಬಿದ ಪುಟ್ಟಿ, ಮೇಲೆ ಇತ್ತೀಚಿನ ಪಿಯು. ಈ ಲೇಖನ ಅಂಥ ಬೈಕನ್ನು ಮನೆಯ ಹಿತ್ತಲಲ್ಲಿ ತಾವೇ ಬಿಚ್ಚಿ ಸರಿಮಾಡಲು ಹೊರಟವರಿಗೆ. ಕಬ್ಬಿಣದ ಗೇಟು, ಕಿಟಕಿ ಸರಳು, ಹಳೆಯ ಹೊಲಿಗೆ ಯಂತ್ರಕ್ಕೂ ಇದೇ ಕ್ರಮ ನಡೆಯುತ್ತದೆ.

ಮೊದಲು ಲೋಹ ಗುರುತಿಸಿ

ಒಂದು ಅಯಸ್ಕಾಂತ ತೆಗೆದುಕೊಂಡು ಬಿಚ್ಚಿದ ಪ್ರತಿ ಭಾಗಕ್ಕೂ ಮುಟ್ಟಿಸಿ. ಅಂಟದಿದ್ದದ್ದು ಸಾಮಾನ್ಯವಾಗಿ ಅಲ್ಯೂಮಿನಿಯಂ ಅಥವಾ ಸತುವಿನ ಎರಕ: ಎಂಜಿನ್ ಕೇಸ್, ಕಾರ್ಬ್ಯುರೇಟರ್, ಬ್ರೇಕ್ ಪ್ಲೇಟ್. ಇವನ್ನು ಬೇರೆ ಬುಟ್ಟಿಗೆ ಹಾಕಿ, ಆ ಬುಟ್ಟಿ ಕಾಸ್ಟಿಕ್ ಅಥವಾ ಹೈಡ್ರೋಕ್ಲೋರಿಕ್ ಆ್ಯಸಿಡ್ ಹತ್ತಿರ ಬರಲೇಬಾರದು. ಅಲ್ಯೂಮಿನಿಯಂ ಕಾಸ್ಟಿಕ್‌ಗೆ ಬಿದ್ದರೆ ನೊರೆಗರೆದು ಹೈಡ್ರೋಜನ್ ಅನಿಲ ಬಿಡುತ್ತದೆ, ನೀರು ಕುದಿಯುವಷ್ಟು ಕಾಯುತ್ತದೆ, ಭಾಗ ಕಪ್ಪಾಗಿ ಹಳ್ಳ ಬೀಳುತ್ತದೆ. ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಹಳೆಯ ಕಾರ್ಬ್ಯುರೇಟರ್ ಬಾಡಿ ಹಾಗೆ ಹಾಳಾದರೆ ಮತ್ತೊಂದು ಹುಡುಕುವುದು ಸುಲಭವಲ್ಲ. ಅದಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್, ಹಲ್ಲುಜ್ಜುವ ಬ್ರಷ್ ಸಾಕು.

ಅಂಟಿದ್ದರಲ್ಲಿ ಮತ್ತೆ ಮೂರು ಗುಂಪು. ಸಾದಾ ಕಬ್ಬಿಣದ ತಗಡು ಮತ್ತು ಪೈಪು: ಮಡ್‌ಗಾರ್ಡ್, ಸೈಡ್ ಕವರ್, ಟೂಲ್ ಬಾಕ್ಸ್, ಫ್ರೇಮ್, ಟ್ಯಾಂಕ್. ಎರಡನೆಯದು ಕ್ರೋಮ್ ಹಾಕಿದವು: ಹ್ಯಾಂಡಲ್, ರಿಮ್, ಸೈಲೆನ್ಸರ್, ಹಳೆಯ ಜಾವಾ ಟ್ಯಾಂಕಿನ ಮಗ್ಗುಲು. ಮೂರನೆಯ ಗುಂಪು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ, ಗಟ್ಟಿ ಉಕ್ಕಿನ ಭಾಗಗಳು: ಸ್ಪ್ರಿಂಗ್‌ಗಳು, ಸ್ಪೋಕ್‌ಗಳು, ಆ್ಯಕ್ಸಲ್, ಹೈ ಟೆನ್ಸೈಲ್ ಬೋಲ್ಟ್‌ಗಳು. ಆ್ಯಸಿಡ್ ಕಬ್ಬಿಣವನ್ನು ತಿನ್ನುವಾಗ ಹುಟ್ಟುವ ಹೈಡ್ರೋಜನ್ ಇಂಥ ಉಕ್ಕಿನ ಒಳಕ್ಕೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಹೊರಗೆ ಹೊಳೆಯುತ್ತಿರುತ್ತದೆ, ಬಿಗಿ ಮಾಡಿದಾಗಲೋ ಭಾರ ಬಿದ್ದಾಗಲೋ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಓಡುವ ಬೈಕಿನ ಮುಂದಿನ ಆ್ಯಕ್ಸಲ್ ಹಾಗೆ ತುಂಡಾದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಈ ಭಾಗಗಳಿಗೆ ತಂತಿ ಬ್ರಷ್, ಎಮರಿ ಪೇಪರ್, ಎಣ್ಣೆ. ಬೋಲ್ಟ್ ಆದರೆ ಹೊಸದನ್ನೇ ತನ್ನಿ.

ಬಣ್ಣ ಯಾವುದೆಂದು ನೋಡುವುದೂ ಸರಳ. ಬನಿಯನ್ ವೇಸ್ಟ್‌ಗೆ ಸ್ವಲ್ಪ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿ ಮರೆಯಾದ ಜಾಗದಲ್ಲಿ ಉಜ್ಜಿ. ಬಣ್ಣ ಬಟ್ಟೆಗೆ ಹತ್ತಿದರೆ ಅದು ಎನ್‌ಸಿ, ಥಿನ್ನರ್‌ನಲ್ಲೇ ತೆಗೆಯಬಹುದು. ಬರೀ ಮಂಕಾದರೆ ಅಥವಾ ಸುಕ್ಕಾದರೆ ಎನಾಮೆಲ್. ಏನೂ ಆಗದಿದ್ದರೆ ಪಿಯು, ಸ್ಟೋವಿಂಗ್ ಎನಾಮೆಲ್ (ಕಾಯಿಸಿ ಗಟ್ಟಿಮಾಡಿದ ಎನಾಮೆಲ್) ಅಥವಾ ಪೌಡರ್ ಕೋಟಿಂಗ್.

ಹಳೆಯ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಿರಿ. ನಮ್ಮಲ್ಲಿ ಮನೆಬಳಕೆಯ ಬಣ್ಣಗಳಲ್ಲಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮಿತಿ ಬಂದದ್ದು 2016ರ ನಿಯಮದಿಂದ, ಅದು ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ವಾಹನದ ಬಣ್ಣಗಳು ಆ ನಿಯಮದ ವ್ಯಾಪ್ತಿಯಲ್ಲೇ ಇಲ್ಲ. ಹಾಗಾಗಿ ಒಣ ಬಣ್ಣವನ್ನು ಗ್ರೈಂಡರ್‌ನಲ್ಲಿ ಉಜ್ಜಬೇಡಿ. ಆ ಧೂಳು ಅಂಗಳದಲ್ಲಿ ಕೂತು, ಆಡುವ ಮಕ್ಕಳ ಕೈಗೆ, ಬಾಯಿಗೆ ಹೋಗುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿಯನ್ನು ಸರಿಪಡಿಸಲಾಗುವುದಿಲ್ಲ. ಉಜ್ಜಲೇಬೇಕಾದಾಗ ನೀರು ಹಚ್ಚಿ ಉಜ್ಜಿ.

ಜಾಗ ಮತ್ತು ಮೈಮೇಲಿನ ಸಿದ್ಧತೆ

ಕೆಲಸ ಬಯಲಲ್ಲಿ ಆಗಬೇಕು. ಕಾರ್ ಶೆಡ್ಡು, ಬಾತ್‌ರೂಮು, ಮೆಟ್ಟಿಲ ಕೆಳಗಿನ ಗೂಡು ಇವು ಯಾವುವೂ ಬೇಡ. ಗಾಳಿ ನಿಮ್ಮ ಬೆನ್ನಿನಿಂದ ಡಬ್ಬದ ಕಡೆಗೆ ಬೀಸುವಂತೆ ನಿಲ್ಲಿ. ಮಕ್ಕಳು, ನಾಯಿ, ಬೆಕ್ಕು ಸುಳಿಯದ ಹೊತ್ತು ನೋಡಿ. ಪೈಪಿನಲ್ಲಿ ಓಡುವ ನೀರು ಕೈಗೆಟುಕಬೇಕು, ಕಾರ್ಪೊರೇಷನ್ ನೀರು ಬರದ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಮೇಲಿನ ಟ್ಯಾಂಕ್ ತುಂಬಿದೆಯೇ ಎಂದು ನೋಡಿಕೊಂಡೇ ಬಾಟಲಿ ತೆರೆಯಿರಿ. ಒಬ್ಬರೇ ಇರಬೇಡಿ, ಮನೆಯಲ್ಲಿ ಇನ್ನೊಬ್ಬರಿಗೆ ಏನು ನಡೆಯುತ್ತಿದೆ ಎಂಬುದು ಗೊತ್ತಿರಲಿ.

ಕಣ್ಣಿಗೆ ಸುತ್ತಲೂ ಮುಚ್ಚುವ ಕೆಮಿಕಲ್ ಗಾಗಲ್ ಬೇಕು. ತಂಪು ಕನ್ನಡಕ, ಓದುವ ಕನ್ನಡಕ ಇವು ಕೆಳಗಿನಿಂದ ಚಿಮ್ಮುವ ಹನಿಯನ್ನು ತಡೆಯುವುದಿಲ್ಲ. ಅದರ ಮೇಲೆ ಫೇಸ್ ಶೀಲ್ಡ್ ಇದ್ದರೆ ಇನ್ನೂ ಒಳ್ಳೆಯದು. ಆ್ಯಸಿಡ್, ಕಾಸ್ಟಿಕ್‌ಗೆ ಮೊಣಕೈವರೆಗೆ ಬರುವ ದಪ್ಪ ನೈಟ್ರೈಲ್ ಅಥವಾ ಪಿವಿಸಿ ಗ್ಲೌಸ್. ಆಸ್ಪತ್ರೆಯವರು ಹಾಕುವ ತೆಳು ಗ್ಲೌಸ್ ಲೆಕ್ಕಕ್ಕಿಲ್ಲ. ರಬ್ಬರ್ ಏಪ್ರನ್, ಗಂಬೂಟು, ಪ್ಯಾಂಟಿನ ಕಾಲು ಬೂಟಿನ ಹೊರಗೆ ಇರಲಿ. ಒಳಗೆ ತುರುಕಿದರೆ ಹರಿದ ಆ್ಯಸಿಡ್ ನೇರ ಬೂಟಿನೊಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಲುಂಗಿ, ಚಪ್ಪಲಿಯಲ್ಲಿ ಈ ಕೆಲಸ ಮಾಡುವವರನ್ನು ಗ್ಯಾರೇಜುಗಳಲ್ಲಿ ಬೇಕಾದಷ್ಟು ನೋಡುತ್ತೇವೆ. ಅವರ ಕಾಲಿನ ಕಲೆಗಳನ್ನೂ ಒಮ್ಮೆ ನೋಡಿ. ಬಟ್ಟೆಯ ಮಾಸ್ಕ್, ಎನ್95 ಮಾಸ್ಕ್ ಧೂಳನ್ನು ತಡೆಯುತ್ತವೆ, ಆ್ಯಸಿಡ್ ಹೊಗೆಯನ್ನೂ ರಿಮೂವರ್ ಆವಿಯನ್ನೂ ತಡೆಯುವುದಿಲ್ಲ.

ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು. ತಳದಲ್ಲಿ ತ್ರಿಕೋನದೊಳಗೆ 2 ಎಂದು ಒತ್ತಿರುವ ದಪ್ಪ ಎಚ್‌ಡಿಪಿಇ ಕ್ಯಾನನ್ನು ಅರ್ಧ ಕೊಯ್ದರೆ ಒಳ್ಳೆಯ ತೊಟ್ಟಿಯಾಗುತ್ತದೆ. ಅಲ್ಯೂಮಿನಿಯಂ ಬೋಗುಣಿ, ಜಿಂಕ್ ಬಕೆಟ್ ಬೇಡ.

ಇನ್ನು ಕೊಳ್ಳುವ ವಿಷಯ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಅಂಗಡಿಯವರು ಆ್ಯಸಿಡ್ ಮಾರುವಾಗ ಕೊಳ್ಳುವವರ ಗುರುತಿನ ಚೀಟಿ ನೋಡಿ, ವಿಳಾಸ ಮತ್ತು ಉದ್ದೇಶವನ್ನು ಪುಸ್ತಕದಲ್ಲಿ ಬರೆಯಬೇಕು. 18 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಹೆಣ್ಣುಮಕ್ಕಳ ಮುಖದ ಮೇಲೆ ಆ್ಯಸಿಡ್ ಎರಚಿದ ಘೋರ ಪ್ರಕರಣಗಳ ಹಿನ್ನೆಲೆಯಲ್ಲಿ ಬಂದ ಆದೇಶವದು. ಕೇಳಿದಾಗ ಬೇಸರಿಸದೆ ಹೆಸರು ಬರೆಸಿ. ಪುಸ್ತಕವಿಲ್ಲದೆ ಹಳೆಯ ನೀರಿನ ಬಾಟಲಿಗೆ ಸುರಿದುಕೊಡುವ ಅಂಗಡಿಯಿಂದ ಕೊಳ್ಳಬೇಡಿ. ತಂದದ್ದನ್ನು ಮನೆಯಲ್ಲೂ ಶರಬತ್ತಿನ, ಕುಡಿಯುವ ನೀರಿನ ಬಾಟಲಿಗೆ ತುಂಬಬೇಡಿ. ಬಾಯಾರಿ ಬಂದ ಮಗು ಅದನ್ನು ಎತ್ತಿ ಕುಡಿದ ಪ್ರಕರಣಗಳು ಆಸ್ಪತ್ರೆಗಳಿಗೆ ಹೊಸದಲ್ಲ, ಅಂಥ ಮಗುವಿನ ಅನ್ನನಾಳ ಮತ್ತೆ ಮೊದಲಿನಂತಾಗುವುದಿಲ್ಲ. ಮೂಲ ಕ್ಯಾನ್, ದೊಡ್ಡ ಅಕ್ಷರದ ಚೀಟಿ, ಬೀಗ.

ಕಾಸ್ಟಿಕ್‌ನಲ್ಲಿ ಎನಾಮೆಲ್ ತೆಗೆಯುವುದು

ಒಂದು ಲೀಟರ್ ತಣ್ಣೀರಿಗೆ 100 ಗ್ರಾಂ ಕಾಸ್ಟಿಕ್ ಸೋಡಾ. ಮೊದಲು ತೊಟ್ಟಿಗೆ ನೀರು, ಆಮೇಲೆ ಕಾಸ್ಟಿಕ್, ಅದೂ ಒಂದೊಂದೇ ಚಮಚದಂತೆ, ಮರದ ಕೋಲಿನಲ್ಲಿ ಕದಡುತ್ತ. ಈ ಅಳತೆಯಲ್ಲಿ ಕರಗುವಾಗಲೇ ನೀರು 25 ಡಿಗ್ರಿಯಷ್ಟು ಕಾಯುತ್ತದೆ, ಬೇರೆ ಒಲೆ ಬೇಡ. ಕಾಸ್ಟಿಕ್ ಹರಳಿನ ಮೇಲೆ ನೀರು ಸುರಿದರೆ ಆ ಬಿಸಿಯೆಲ್ಲ ಒಂದೇ ಕಡೆ ಹುಟ್ಟಿ, ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಿಸಿನೀರಿಗೆ ಹಾಕುವುದೂ ಬೇಡ.

ಕೆಲವರ ಚರ್ಮಕ್ಕೆ ಕಾಸ್ಟಿಕ್ ತಾಗಿದ್ದು ತಕ್ಷಣ ಗೊತ್ತೇ ಆಗುವುದಿಲ್ಲ. ಉರಿಯ ಬದಲು ಸೋಪಿನಂತೆ ಜಾರುತ್ತದೆ. ಜಾರುತ್ತಿರುವುದು ಚರ್ಮದ ಕೊಬ್ಬು ಸಾಬೂನಾಗುತ್ತಿರುವ ಲಕ್ಷಣ. ಎನಾಮೆಲ್ ಬಣ್ಣದೊಳಗಿನ ಎಣ್ಣೆಗೂ ಇದು ಮಾಡುವುದು ಅದನ್ನೇ. ಹಾಗಾಗಿ ಗ್ಲೌಸ್ ಒಳಗೆ ಜಾರಿದಂತೆನಿಸಿದರೆ ಆ ಕ್ಷಣವೇ ತೆಗೆದು ತೊಳೆಯಬೇಕು.

ಜಿಡ್ಡು, ಮಣ್ಣು ತೊಳೆದ ಮಡ್‌ಗಾರ್ಡ್, ಸೈಡ್ ಕವರ್‌ಗಳನ್ನು ತಂತಿಯಲ್ಲಿ ಕಟ್ಟಿ ನಿಧಾನವಾಗಿ ಇಳಿಸಿ. ಎನಾಮೆಲ್ ಒಂದೆರಡು ಗಂಟೆಯಲ್ಲಿ ಸುಕ್ಕುಗಟ್ಟಲು ತೊಡಗುತ್ತದೆ, ದಪ್ಪ ಪದರಕ್ಕೆ ಇಡೀ ರಾತ್ರಿ ಬೇಕಾಗಬಹುದು. ತೊಟ್ಟಿಯ ಮೇಲೆ ಹಲಗೆ ಮುಚ್ಚಿ ಭಾರವಿಡಿ. ಎತ್ತಿದಾಗ ಬಣ್ಣ ಕೆನೆಯಂತೆ ಜಾರಿ ಬರುತ್ತದೆ. ಉಳಿದದ್ದನ್ನು ಪ್ಲಾಸ್ಟಿಕ್ ಬ್ರಷ್‌ನಲ್ಲಿ ನಿಮ್ಮ ಮೈಯಿಂದ ಆಚೆಗೆ ತಳ್ಳುವಂತೆ ಉಜ್ಜಿ, ತಮ್ಮ ಕಡೆಗೆ ಎಳೆದುಕೊಳ್ಳುವವರ ಮುಖಕ್ಕೆ ಹನಿ ಹಾರುತ್ತದೆ. ಆಮೇಲೆ ಹರಿಯುವ ನೀರಿನಲ್ಲಿ, ಜಾರುವಿಕೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಸಾದಾ ಕಬ್ಬಿಣಕ್ಕೆ ಕಾಸ್ಟಿಕ್ ಏನೂ ಮಾಡುವುದಿಲ್ಲ. ಮರೆತು ಒಂದು ದಿನ ಹೆಚ್ಚು ಬಿಟ್ಟರೂ ತಗಡು ಹಾಗೇ ಇರುತ್ತದೆ. ಮನೆಯಲ್ಲಿ ಮಾಡುವವರಿಗೆ ಕಬ್ಬಿಣದ ಬಣ್ಣಕ್ಕೆ ನಾನು ಇದನ್ನೇ ಮೊದಲು ಹೇಳುವುದು ಈ ಕಾರಣಕ್ಕೆ. ಅದರ ಅಪಾಯವೆಲ್ಲ ಕಣ್ಣು ಮತ್ತು ಚರ್ಮದ ಮೇಲೆ, ಅದನ್ನು ಗಾಗಲ್ ಮತ್ತು ಗ್ಲೌಸ್ ತಡೆಯಬಲ್ಲವು.

ಪೇಂಟ್ ರಿಮೂವರ್

ಪಿಯು, ಪೌಡರ್ ಕೋಟಿಂಗ್ ಕಾಸ್ಟಿಕ್‌ಗೆ ಜಗ್ಗದಿದ್ದಾಗ ಹಾರ್ಡ್‌ವೇರ್ ಅಂಗಡಿಯವರು ಕೊಡುವ ರಿಮೂವರ್ ಡಬ್ಬಿಯ ಮೇಲೆ ಮಿಥೈಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಎಂದಿದೆಯೇ ಓದಿ. ಇದ್ದರೆ ಎಚ್ಚರ. ಸುಮಾರು 40 ಡಿಗ್ರಿಗೇ ಕುದಿಯುವ ದ್ರವವದು, ಬೇಸಿಗೆಯ ರಾಯಚೂರಿನಲ್ಲಿ ಡಬ್ಬಿ ತೆರೆದರೆ ಉಕ್ಕಿಯೇ ಬರಬಹುದು. ಅದರ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ, ನೆಲಮಟ್ಟದಲ್ಲಿ, ತಗ್ಗಿನಲ್ಲಿ ಶೇಖರವಾಗುತ್ತದೆ. ಉಸಿರಾಡಿದರೆ ಮೊದಲು ತಲೆ ಹಗುರವಾದಂತೆ, ಅಮಲೇರಿದಂತೆ ಆಗುತ್ತದೆ. ದೇಹದೊಳಗೆ ಅದು ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಟ್ಟು ರಕ್ತದ ಆಮ್ಲಜನಕಕ್ಕೆ ಅಡ್ಡ ಬರುತ್ತದೆ. ಹೃದ್ರೋಗ ಇರುವವರು, ಗರ್ಭಿಣಿಯರು ಇದರ ಹತ್ತಿರ ಸುಳಿಯಬಾರದು. ಅಮೆರಿಕದಲ್ಲಿ ಸ್ನಾನದ ತೊಟ್ಟಿಗಳ ಬಣ್ಣ ಕೀಳುತ್ತಿದ್ದ 13 ಕೆಲಸಗಾರರು 2000ರಿಂದ 2011ರ ನಡುವೆ ಇದೇ ಆವಿಯಿಂದ ಸತ್ತದ್ದು ದಾಖಲಾಗಿದೆ. ಚಿಕ್ಕ ಬಾತ್‌ರೂಮು, ತೊಟ್ಟಿಯೊಳಗೆ ಬಗ್ಗಿದ ತಲೆ. 2019ರಲ್ಲಿ ಅಲ್ಲಿ ಸಾಮಾನ್ಯ ಗ್ರಾಹಕರಿಗೆ ಇಂಥ ರಿಮೂವರ್ ಮಾರುವುದನ್ನೇ ನಿಲ್ಲಿಸಿದರು. ನಮ್ಮ ಅಂಗಡಿಗಳಲ್ಲಿ ಈಗಲೂ ಸುಲಭವಾಗಿ ಸಿಗುತ್ತದೆ. ಸುಲಭವಾಗಿ ಸಿಗುವುದನ್ನೇ ಸುರಕ್ಷತೆಯ ಗುರುತು ಎಂದು ತಿಳಿಯಬೇಡಿ.

ಸಾಮಾನ್ಯ ನೈಟ್ರೈಲ್, ಲೇಟೆಕ್ಸ್ ಗ್ಲೌಸ್‌ಗಳನ್ನು ಇದು ನಿಮಿಷಗಳಲ್ಲಿ ದಾಟುತ್ತದೆ, ಇದ್ದಿಲ ಕಾರ್ಟ್ರಿಜ್ ಮಾಸ್ಕೂ ಬೇಗ ಸೋಲುತ್ತದೆ. ಇದನ್ನು ತಡೆಯಬಲ್ಲ ಗ್ಲೌಸ್ ಸಿಗದಿದ್ದರೆ ಈ ಕೆಲಸವನ್ನು ಪೌಡರ್ ಕೋಟಿಂಗ್ ಅಂಗಡಿಗೆ ಕೊಡಿ. ಅವರಲ್ಲಿ ಬಣ್ಣ ಬಿಡಿಸುವ ತೊಟ್ಟಿಗಳೇ ಇರುತ್ತವೆ. ಬೆಂಜೈಲ್ ಆಲ್ಕೊಹಾಲ್ ಇರುವ ರಿಮೂವರ್‌ಗಳೂ ಇವೆ, ಹುಡುಕಬೇಕು, ಬೆಲೆ ಹೆಚ್ಚು, ಗಂಟೆಗಟ್ಟಲೆ ಕಾಯಬೇಕು. ನಾನಂತೂ ಕಾಯುತ್ತೇನೆ.

ಮಿಥೈಲೀನ್ ಕ್ಲೋರೈಡ್ ಇರುವುದನ್ನೇ ಬಳಸುವ ಸ್ಥಿತಿ ಬಂದರೆ ಬಯಲಲ್ಲಿ, ನೆರಳಲ್ಲಿ, ಭಾಗವನ್ನು ಸೊಂಟದೆತ್ತರದ ಮೇಜಿನ ಮೇಲಿಟ್ಟು, ಕೂದಲಿನ ಬ್ರಷ್‌ನಿಂದ ದಪ್ಪಗೆ ಒಂದೇ ದಿಕ್ಕಿನಲ್ಲಿ ಹಚ್ಚಿ ದೂರ ಸರಿಯಿರಿ. ಮತ್ತೆ ಮತ್ತೆ ತೀಡಿದರೆ ಮೇಲೆ ಕಟ್ಟಿದ ಮೇಣದ ಪದರ ಒಡೆದು ಆವಿ ಏಳುತ್ತದೆ, ಬಣ್ಣವೂ ಉಬ್ಬುವುದಿಲ್ಲ. ಕಾಲು ಗಂಟೆ ಬಿಟ್ಟು ಪುಟ್ಟಿ ಬ್ಲೇಡಿನಿಂದ ಹೆರೆದು ತಗಡಿನ ಡಬ್ಬಕ್ಕೆ ಹಾಕಿ. ಹತ್ತಿರ ಬೀಡಿ, ಬೆಂಕಿ, ಹೀಟ್ ಗನ್ ಬೇಡ. ಈ ಆವಿ ಬೆಂಕಿಗೆ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ತುಕ್ಕಿಗೆ: ನಿಂಬೆ ಉಪ್ಪಿನಿಂದ ಶುರುಮಾಡಿ

ಬಣ್ಣ ಹೋದ ಮೇಲೆ ಉಳಿಯುವುದು ತುಕ್ಕು. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆ್ಯಸಿಡ್) ಲೀಟರಿಗೆ 50ರಿಂದ 100 ಗ್ರಾಂ ಬೆರೆಸಿ, ಭಾಗ ಮುಳುಗಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ತುಕ್ಕು ಕಪ್ಪು ಮಸಿಯಾಗಿ ಬ್ರಷ್‌ಗೆ ಬರುತ್ತದೆ. ಉಗುರುಬೆಚ್ಚಗಿದ್ದರೆ ಬೇಗ. ಹೊಗೆಯಿಲ್ಲ, ಕಣ್ಣಿಗೆ ಬಿದ್ದರೆ ಉರಿಯುತ್ತದೆ ಆದರೆ ಕಣ್ಣು ಹೋಗುವಷ್ಟಲ್ಲ. ಇದೂ ಆ್ಯಸಿಡ್ಡೇ ಆದ್ದರಿಂದ ದಿನಗಟ್ಟಲೆ ಬಿಡಬಾರದು, ಆರು ಗಂಟೆಗೊಮ್ಮೆ ಎತ್ತಿ ನೋಡಿ. ಹಿತ್ತಲಲ್ಲಿ ಸರಿಮಾಡುವ ಬೈಕುಗಳ ಬಹುಪಾಲು ತುಕ್ಕಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದೇ ಇಲ್ಲ. ಬೇಕಾಗುವುದು ಒಂದು ರಾತ್ರಿಯ ತಾಳ್ಮೆ.

ಪೇಂಟ್ ಹಚ್ಚುವ ಮೊದಲಿನ ಕೆಲಸಕ್ಕೆ ಫಾಸ್ಫಾರಿಕ್ ಆ್ಯಸಿಡ್ ನನ್ನ ಆಯ್ಕೆ. 85 ಪ್ರತಿಶತದ್ದು ತಂದರೆ ಐದು ಪಾಲು ನೀರಿಗೆ ಒಂದು ಪಾಲು ಬೆರೆಸಿ, ಸುಮಾರು 20 ಪ್ರತಿಶತವಾಗುತ್ತದೆ. ಬ್ರಷ್‌ನಲ್ಲಿ ಹಚ್ಚಬಹುದು, ಅದ್ದಬಹುದು. ತುಕ್ಕು ಕರಗಿದ ಮೇಲೆ ಕಬ್ಬಿಣದ ಮೇಲೆ ಬೂದುಬಣ್ಣದ ಫಾಸ್ಫೇಟ್ ಪದರ ಉಳಿಯುತ್ತದೆ, ಪ್ರೈಮರ್ ಅದನ್ನು ಚೆನ್ನಾಗಿ ಹಿಡಿಯುತ್ತದೆ.

ಹೈಡ್ರೋಕ್ಲೋರಿಕ್ ಆ್ಯಸಿಡ್ ಕಡೆಯ ಅಸ್ತ್ರ. ಅಂಗಡಿಯಲ್ಲಿ ಸಿಗುವುದು ಸುಮಾರು 30ರಿಂದ 33 ಪ್ರತಿಶತದ್ದು. ಮುಚ್ಚಳ ತೆರೆದೊಡನೆ ಹೊಗೆಯಾಡುತ್ತದೆ. ಎರಡು ಪಾಲು ನೀರಿಗೆ ಒಂದು ಪಾಲು ಆ್ಯಸಿಡ್ ಸೇರಿಸಿದರೆ 12 ಪ್ರತಿಶತದ ಹತ್ತಿರ ಬರುತ್ತದೆ. ಯಾವಾಗಲೂ ನೀರಿಗೆ ಆ್ಯಸಿಡ್, ತೆಳ್ಳನೆಯ ಧಾರೆಯಾಗಿ. ಆ್ಯಸಿಡ್‌ಗೆ ನೀರು ಸುರಿಯಬೇಡಿ. ಈ ನಿಯಮ ಬ್ಯಾಟರಿಯ ಸಲ್ಫ್ಯೂರಿಕ್ ಆ್ಯಸಿಡ್‌ಗೆ ಇನ್ನೂ ಹೆಚ್ಚು ಅನ್ವಯ, ಅದರ ಬಿಸಿ ಭಯಂಕರ.

ಈ ತೊಟ್ಟಿಗೆ ಹಾಕಿದ ಭಾಗವನ್ನು ಬಿಟ್ಟು ಊಟಕ್ಕೆ ಹೋಗಬಾರದು. ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡಿ, ತುಕ್ಕು ಹೋದ ಕ್ಷಣ ಹೊರಗೆ ತನ್ನಿ. ಅಲ್ಲಿಂದ ಮುಂದೆ ಏಳುವ ಗುಳ್ಳೆಗಳು ನಿಮ್ಮ ಮಡ್‌ಗಾರ್ಡ್ ಕರಗುತ್ತಿರುವುದರ ಲೆಕ್ಕ. ಸತುವಿನ ಲೇಪವಿದ್ದರೆ ರಭಸವಾಗಿ ನೊರೆಯೇಳುತ್ತದೆ, ಆ ಭಾಗವನ್ನು ಇದಕ್ಕೆ ಹಾಕಲೇಬೇಡಿ. ಸ್ಟೇನ್‌ಲೆಸ್ ಸ್ಟೀಲ್‌ಗೂ ಇದು ಹೊಂದದು. ಆ್ಯಸಿಡ್ ಕ್ಯಾನನ್ನು ಉಪಕರಣಗಳಿರುವ ಕೋಣೆಯಲ್ಲಿ ಇಡಬೇಡಿ. ಮುಚ್ಚಿದ ಕ್ಯಾನಿನಿಂದಲೂ ನುಸುಳುವ ಹೊಗೆ ಸ್ಪ್ಯಾನರ್‌ಗಳು, ಬೇರಿಂಗ್‌ಗಳು, ಗೋಡೆಗೊರಗಿಸಿದ ಫ್ರೇಮ್ ಎಲ್ಲಕ್ಕೂ ತುಕ್ಕು ಹಿಡಿಸುತ್ತದೆ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕು. ತಗಡನ್ನು ಮಡಚಿದ ಕಡೆ, ಎರಡು ತಗಡು ಸೇರುವ ಸಂದಿಯಲ್ಲಿ, ಪೈಪಿನೊಳಗೆ ಈ ಆ್ಯಸಿಡ್ ಹೊಕ್ಕರೆ ಪೂರ್ತಿ ಹೊರಬರುವುದಿಲ್ಲ. ಮಡ್‌ಗಾರ್ಡಿನ ಸುತ್ತಿದ ಅಂಚು, ಟ್ಯಾಂಕಿನ ತಳದ ಜೋಡಣೆ, ಫ್ರೇಮಿನ ಪೈಪುಗಳು ಇಂಥ ಜಾಗಗಳು. ಮೇಲೆ ಚೆಂದದ ಬಣ್ಣ ಹೊಡೆದು ಒಂದು ಮಳೆಗಾಲ ಕಳೆದ ಮೇಲೆ ಅಂಚಿನುದ್ದಕ್ಕೂ ಬಣ್ಣ ಗುಳ್ಳೆಯೇಳುತ್ತದೆ, ಒಳಗೆ ತಗಡು ಕೊಳೆತಿರುತ್ತದೆ. ಫ್ರೇಮನ್ನು ಹೈಡ್ರೋಕ್ಲೋರಿಕ್ ತೊಟ್ಟಿಗೆ ಹಾಕುವ ಯೋಚನೆಯನ್ನೇ ಬಿಡಿ. ಪೈಪಿನೊಳಗೆ ಎಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ದಾರಿಯಿಲ್ಲ. ಅದಕ್ಕೆ ಬ್ಲಾಸ್ಟಿಂಗ್ (ಮರಳಿನಂಥ ಕಣ ರಭಸದಿಂದ ಎರಚಿ ತೆಗೆಯುವುದು) ಮಾಡಿಸಿ, ಅಥವಾ ಕೈಯಿಂದ ಉಜ್ಜಿ ಫಾಸ್ಫಾರಿಕ್ ಹಚ್ಚಿ.

ಕ್ರೋಮ್ ಮೇಲಿನ ಚುಕ್ಕೆ ತುಕ್ಕಿಗೆ ಆ್ಯಸಿಡ್ ಬೇಡವೇ ಬೇಡ. ಹೈಡ್ರೋಕ್ಲೋರಿಕ್ ಕ್ರೋಮನ್ನೇ ಕರಗಿಸುತ್ತದೆ. ಅಲ್ಯೂಮಿನಿಯಂ ಫಾಯಿಲ್ ಉಂಡೆಮಾಡಿ ನೀರಿನಲ್ಲಿ ಅದ್ದಿ ರಿಮ್ ಮೇಲೆ ಉಜ್ಜಿ ನೋಡಿ.

ಪೆಟ್ರೋಲ್ ಟ್ಯಾಂಕ್

ಖಾಲಿ ಟ್ಯಾಂಕಿನ ಅಪಾಯ ತುಂಬಿದ ಟ್ಯಾಂಕಿಗಿಂತ ಹೆಚ್ಚು, ಒಳಗೆ ಉಳಿದಿರುವುದು ಸಿಡಿಯಲು ಸಿದ್ಧವಾದ ಆವಿ. ಮೊದಲು ಸೋಪಿನ ನೀರಿನಲ್ಲಿ ಹಲವು ಸಲ ಕುಲುಕಿ ತೊಳೆದು, ನೀರು ತುಂಬಿಸಿ ಹರಿಸಿ, ಪೆಟ್ರೋಲ್ ವಾಸನೆ ಹೋಗುವವರೆಗೆ ಬಿಡಬೇಡಿ. ಟ್ಯಾಪ್ ಬಿಚ್ಚಿ ಆ ತೂತಿಗೆ ರಬ್ಬರ್ ಬಿರಡೆ ಹಾಕಿ. ಒಳಗಿನ ತುಕ್ಕಿಗೆ ನಿಂಬೆ ಉಪ್ಪಿನ ದ್ರಾವಣ ಬಾಯಿವರೆಗೆ ತುಂಬಿಸಿ ಒಂದು ರಾತ್ರಿ ಇಡಿ, ಆದರೆ ಮುಚ್ಚಳ ಬಿಗಿಯಬೇಡಿ. ಅನಿಲ ಹುಟ್ಟುತ್ತದೆ, ಹೋಗಲು ದಾರಿ ಬೇಕು. ಆಮೇಲೆ ನೀರು, ಬಳಿಕ ಅಡುಗೆ ಸೋಡಾ ಬೆರೆಸಿದ ನೀರು, ಮತ್ತೆ ನೀರು. ಸೋಡಾ ಹಾಕಿದಾಗಲೂ ನೊರೆ ಬರುತ್ತದೆ, ಬಾಯಿ ತೆರೆದೇ ಇರಲಿ. ಹೇರ್ ಡ್ರೈಯರ್ ಬಿಸಿಗಾಳಿಯಲ್ಲಿ ಬೇಗ ಒಣಗಿಸಿ, ಒಣಗಿದ್ದೇ ಸ್ವಲ್ಪ ಟೂ-ಸ್ಟ್ರೋಕ್ ಎಣ್ಣೆ ಸುರಿದು ಎಲ್ಲ ಮಗ್ಗುಲಿಗೂ ಹೊರಳಾಡಿಸಿ. ಯೆಜ್ಡಿ ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಓಡುವ ಗಾಡಿ, ಆ ಎಣ್ಣೆ ಒಳಗಿದ್ದರೆ ತೊಂದರೆಯಿಲ್ಲ. ಹಳೆಯ ಬೆಸುಗೆಯಿರುವ ಟ್ಯಾಂಕಿಗೆ ಬಲವಾದ ಆ್ಯಸಿಡ್ ಸುರಿದರೆ ತುಕ್ಕೇ ಮುಚ್ಚಿದ್ದ ತೂತುಗಳೆಲ್ಲ ತೆರೆದುಕೊಂಡು ನಿಲ್ಲುತ್ತವೆ.

ಮನೆಯಲ್ಲಿ ಮುಟ್ಟಬಾರದವು

ಹೈಡ್ರೋಫ್ಲೋರಿಕ್ ಆ್ಯಸಿಡ್. ಕಲ್ಲು, ಅಲಾಯ್ ವೀಲ್, ಅಲ್ಯೂಮಿನಿಯಂ ಹೊಳಪಿಸುವ ಕೆಲವು ದ್ರವಗಳಲ್ಲಿ ಇದು ಇರುತ್ತದೆ. ಹೆಸರು ಹೈಡ್ರೋಕ್ಲೋರಿಕ್ ಹಾಗೇ ಕೇಳಿಸುತ್ತದೆ, ಸ್ವಭಾವ ಪೂರ್ತಿ ಬೇರೆ. ತೆಳು ದ್ರಾವಣ ತಾಗಿದಾಗ ಗಂಟೆಗಳವರೆಗೆ ನೋವೇ ಇರದು. ಅಷ್ಟರಲ್ಲಿ ಅದು ಚರ್ಮ ದಾಟಿ ದೇಹದ ಕ್ಯಾಲ್ಸಿಯಂ ಹಿಡಿದುಕೊಂಡು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಗಾಢವಾದದ್ದು ಅಂಗೈಯಗಲ ತಾಗಿದರೂ ಜೀವಕ್ಕೆ ಅಪಾಯ. ತೊಳೆದ ಮೇಲೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಬೇಕು, ಅದು ಎಲ್ಲ ಕ್ಲಿನಿಕ್‌ಗಳಲ್ಲಿ ಇರುವುದಿಲ್ಲ. ಡಬ್ಬಿಯ ಮೇಲೆ ಫ್ಲೋರೈಡ್ ಎಂಬ ಪದ ಕಂಡರೆ, ಅಥವಾ ಚೀಟಿಯೇ ಇಲ್ಲದಿದ್ದರೆ, ತರಬೇಡಿ.

ನೈಟ್ರಿಕ್ ಆ್ಯಸಿಡ್‌ನ ಕಂದು ಹೊಗೆ ಉಸಿರಾಡಿದವರು ಸಂಜೆ ಚೆನ್ನಾಗಿಯೇ ಇದ್ದು ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿ ಒದ್ದಾಡಬಹುದು. ಅದೂ ಬೇಡ.

ಕ್ರೋಮ್ ತೆಗೆಯುವುದು ಪ್ಲೇಟಿಂಗ್ ಅಂಗಡಿಯ ಕೆಲಸ. ಕಾಸ್ಟಿಕ್ ನೀರಿಗೆ ಬ್ಯಾಟರಿ ಚಾರ್ಜರ್ ತಂತಿ ಕೊಟ್ಟು ಕ್ರೋಮ್ ಬಿಡಿಸುವ ವಿಡಿಯೊಗಳನ್ನು ನೋಡಿ ಮಾಡಲು ಹೋಗಬೇಡಿ. ಹಾಗೆ ಮಾಡಿದಾಗ ನೀರು ಹಳದಿಯಾಗುತ್ತದಲ್ಲ, ಅದು ಕ್ಯಾನ್ಸರ್ ತರುವ ಆರನೇ ವೇಲೆನ್ಸಿಯ ಕ್ರೋಮಿಯಂ. ವಾಷಿಂಗ್ ಸೋಡಾ ನೀರಿನಲ್ಲಿ ಕರೆಂಟ್ ಹಾಯಿಸಿ ತುಕ್ಕು ತೆಗೆಯುವ ವಿಧಾನ ಒಳ್ಳೆಯದೇ, ಆದರೆ ಅಲ್ಲಿಯೂ ಇನ್ನೊಂದು ತುದಿಗೆ ಸ್ಟೀಲ್ ತಟ್ಟೆ, ಸೌಟು ಕಟ್ಟಿದರೆ ಇದೇ ವಿಷ ಹುಟ್ಟುತ್ತದೆ. ಸಾದಾ ಕಬ್ಬಿಣದ ಸರಳು ಕಟ್ಟಿ. ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಂತರ್ಜಲಕ್ಕೆ ಇಳಿದಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ನಮ್ಮ ಹಿತ್ತಲ ಬೋರ್‌ವೆಲ್‌ಗೂ ಅದೇ ಗತಿ ತರುವುದು ಬೇಡ.

ಬೆರಕೆಯ ವಿಷಯದಲ್ಲಿ ಎರಡೇ ಮಾತು. ಯಾವ ಆ್ಯಸಿಡ್ ಜೊತೆಗೂ ಬ್ಲೀಚಿಂಗ್ ಪೌಡರ್ ಸೇರಬಾರದು, ಕ್ಲೋರಿನ್ ಏಳುತ್ತದೆ. ಕಾಸ್ಟಿಕ್ ತೊಟ್ಟಿಯಿಂದ ತೆಗೆದ ಭಾಗವನ್ನು ತೊಳೆಯದೆ ಆ್ಯಸಿಡ್ ತೊಟ್ಟಿಗೆ ಹಾಕಬಾರದು, ಕುದಿದು ಸಿಡಿಯುತ್ತದೆ.

ಮೈಮೇಲೆ ಬಿದ್ದರೆ

ನೀರು, ಕೂಡಲೇ, ಧಾರಾಳವಾಗಿ. ಬಟ್ಟೆ, ಉಂಗುರ, ವಾಚು ಕಿತ್ತೆಸೆದು ಕನಿಷ್ಠ 20 ನಿಮಿಷ ಹರಿಯುವ ನೀರಿನ ಕೆಳಗೆ ಇರಿ. ಕಣ್ಣಿಗಾದರೆ ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ತೊಳೆಯುತ್ತಲೇ ಯಾರನ್ನಾದರೂ 108ಕ್ಕೆ ಕರೆಮಾಡಲು ಹೇಳಿ. ಕಾಸ್ಟಿಕ್ ಕಣ್ಣಿನೊಳಕ್ಕೆ ಆ್ಯಸಿಡ್‌ಗಿಂತ ಆಳಕ್ಕೆ ಇಳಿಯುತ್ತದೆ, ಉರಿ ಕಡಿಮೆಯಾಯಿತೆಂದು ನಿಲ್ಲಿಸಬೇಡಿ. ಆ್ಯಸಿಡ್ ಸುಟ್ಟ ಚರ್ಮಕ್ಕೆ ಸೋಡಾ, ಕಾಸ್ಟಿಕ್ ಸುಟ್ಟದ್ದಕ್ಕೆ ನಿಂಬೆರಸ, ಎರಡಕ್ಕೂ ಅರಿಶಿನ, ಟೂತ್‌ಪೇಸ್ಟ್ ಹಚ್ಚುವುದು ಗಾಯವನ್ನು ಹೆಚ್ಚಿಸುತ್ತದೆ. ಕುಡಿದುಬಿಟ್ಟವರಿಗೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ. ರಿಮೂವರ್ ಆವಿಯಿಂದ ತಲೆ ತಿರುಗಿದರೆ ಕೆಲಸ ಬಿಟ್ಟು ಬಯಲಿಗೆ ಬನ್ನಿ. ಮುಚ್ಚಿದ ಕೋಣೆಯಲ್ಲಿ ಯಾರಾದರೂ ಬಿದ್ದಿದ್ದರೆ ಬಾಗಿಲು ಕಿಟಕಿ ತೆರೆಯದೆ ಒಳನುಗ್ಗಬೇಡಿ. ಆಸ್ಪತ್ರೆಗೆ ಹೋಗುವಾಗ ಡಬ್ಬಿಯ ಚೀಟಿಯ ಫೋಟೊ ಒಯ್ಯಿರಿ, ವೈದ್ಯರು ಮೊದಲು ಕೇಳುವುದು ಅದನ್ನೇ.

ತೊಳೆದ ಮೇಲೆ

ಆ್ಯಸಿಡ್‌ನಿಂದ ತೆಗೆದ ಕಬ್ಬಿಣ ಬೆತ್ತಲೆ. ಕಣ್ಣೆದುರೇ ಹಳದಿ ತುಕ್ಕು ಮೂಡುತ್ತದೆ. ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಗಾಡಿ ಸಿದ್ಧಮಾಡಬೇಕೆಂದು ಜೂನ್ ಮಳೆಯಲ್ಲಿ ಈ ಕೆಲಸಕ್ಕಿಳಿಯುವವರೇ ಹೆಚ್ಚು, ಆ ತೇವದಲ್ಲಿ ಒಂದು ಗಂಟೆಯೂ ಸಮಯವಿರುವುದಿಲ್ಲ. ಸಾಧ್ಯವಾದರೆ ಫೆಬ್ರವರಿ, ಮಾರ್ಚ್‌ನ ಒಣಹವೆಯಲ್ಲಿ ಮಾಡಿಮುಗಿಸಿ.

ಹೈಡ್ರೋಕ್ಲೋರಿಕ್ ಬಳಸಿದ್ದರೆ ಮೊದಲು ನೀರು, ಆಮೇಲೆ ಲೀಟರಿಗೆ 50 ಗ್ರಾಂ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಮತ್ತೆ ನೀರು, ಕಡೆಗೆ ಕೈ ತಾಳುವಷ್ಟು ಬಿಸಿನೀರು. ಬಿಸಿಯಾದ ತಗಡು ತಾನೇ ಬೇಗ ಒಣಗುತ್ತದೆ. ಕೂಡಲೇ ಫಾಸ್ಫಾರಿಕ್ ದ್ರಾವಣ ತೆಳ್ಳಗೆ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಅವತ್ತೇ ಪ್ರೈಮರ್. ಸಾಧ್ಯವಿಲ್ಲದಿದ್ದರೆ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಡಿ, ಪ್ರೈಮರ್ ದಿನ ಥಿನ್ನರ್‌ನಲ್ಲಿ ಒರೆಸಿದರಾಯಿತು. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪಿನ ಗುರುತು ಬಣ್ಣದಡಿಯಿಂದ ತುಕ್ಕಾಗಿ ಮೇಲೆ ಬರುತ್ತದೆ.

ಉಳಿದ ನೀರು ಮತ್ತು ಕೆಸರು

ನಿಂಬೆ ಉಪ್ಪು, ಹೈಡ್ರೋಕ್ಲೋರಿಕ್ ನೀರಿಗೆ ವಾಷಿಂಗ್ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ, ನೊರೆ ನಿಲ್ಲುವವರೆಗೆ ಹಾಕಿ. ಪಿಎಚ್ ಕಾಗದದಲ್ಲಿ 7ರ ಆಸುಪಾಸು ಬಂದರೆ ಸಾಕು. ಹೈಡ್ರೋಕ್ಲೋರಿಕ್ ನೀರಾದರೆ ಒಂದು ದಿನ ಬಿಟ್ಟಾಗ ಕೆಂಪು ಕೆಸರು ತಳ ಸೇರುತ್ತದೆ. ಬರೀ ತುಕ್ಕು ತೆಗೆದ ತೊಟ್ಟಿಯಾದರೆ ಮೇಲಿನ ತಿಳಿಯನ್ನು ಒಳಚರಂಡಿಗೆ ಸೇರುವ ಶೌಚಾಲಯಕ್ಕೆ ಧಾರಾಳ ನೀರಿನೊಂದಿಗೆ ಬಿಡಬಹುದು. ತೆರೆದ ಮೋರಿಗೆ, ತೋಟಕ್ಕೆ, ಬಾವಿಯ ಹತ್ತಿರಕ್ಕೆ ಬೇಡ.

ಬಣ್ಣ ಬಿಡಿಸಿದ ಕಾಸ್ಟಿಕ್ ನೀರು ಬೇರೆ. ಸೀಸ ಗಾಢ ಕಾಸ್ಟಿಕ್‌ನಲ್ಲಿ ಕರಗುತ್ತದೆ, ಹಳದಿ, ಕೇಸರಿ ಬಣ್ಣಗಳಾದರೆ ಕ್ರೋಮೇಟ್ ಕೂಡ ಇರಬಹುದು. ಅದನ್ನು ಚರಂಡಿಗೆ ಬಿಡಬೇಡಿ, ಚೀಟಿ ಅಂಟಿಸಿದ ಕ್ಯಾನ್‌ನಲ್ಲಿ ತುಂಬಿಡಿ. ಹೆರೆದ ಬಣ್ಣ, ರಿಮೂವರ್ ಹತ್ತಿದ ವೇಸ್ಟ್, ಒಣಗಿದ ಕೆಸರು ಮುಚ್ಚಳವಿರುವ ತಗಡಿನ ಡಬ್ಬಕ್ಕೆ. ಮನೆಯ ಒಣಕಸದ ಜೊತೆ ಕೊಟ್ಟರೆ ಅದನ್ನು ಬರಿಗೈಯಲ್ಲಿ ಆರಿಸುವುದು ಪೌರಕಾರ್ಮಿಕರು. ನಿಮ್ಮ ನಗರಪಾಲಿಕೆಯ ಅಪಾಯಕಾರಿ ಕಸದ ವ್ಯವಸ್ಥೆಗೆ ಒಪ್ಪಿಸಿ. ಅದು ಇಲ್ಲದ ಊರಿನಲ್ಲಿ ಪೌಡರ್ ಕೋಟಿಂಗ್ ಅಥವಾ ಪ್ಲೇಟಿಂಗ್ ಘಟಕದವರನ್ನು ಕೇಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಘಟಕಗಳು ತಮ್ಮ ಕೆಸರನ್ನು ಅಧಿಕೃತ ವಿಲೇವಾರಿಗೆ ಕಳುಹಿಸಲೇಬೇಕು, ಭಾಗಗಳನ್ನು ಅವರ ಬಳಿ ಪ್ಲೇಟಿಂಗ್‌ಗೆ ಕೊಡುವಾಗ ನಿಮ್ಮ ಕ್ಯಾನನ್ನೂ ತೆಗೆದುಕೊಳ್ಳುವರೇ ಎಂದು ಮುಂಚೆಯೇ ಮಾತಾಡಿಕೊಂಡು, ಒಪ್ಪಿದ ಮೇಲೆಯೇ ತೊಟ್ಟಿಗೆ ಕಾಸ್ಟಿಕ್ ಹಾಕಿ.